ಬೆಂಕಿ ಹತ್ತದ ಕೌದಿಗಳು

ಬೆಳಗಿನ ಐದೂಕಾಲು. ರೇ ರೋಡ್ ಸ್ಟೇಷನ್ನಿನಿಂದ ದಾರೂಖಾನೆಯತ್ತ ಹೋಗುವ ರಸ್ತೆ ಬದಿಯ ಬಸ್ತಿಯಲ್ಲಿ ನಲ್ಲಿಗೆ ನೀರು ಬಂದು ಹತ್ತು ನಿಮಿಷವಾಗಿದೆ. ಹಂಡೆ, ಡ್ರಮ್ಮು, ಎಣ್ಣೆಯ ಖಾಲಿ ಡಬ್ಬಿಗಳ ಸಾಲು ತಿರುವಿನವರೆಗೂ ಹೋಗಿದೆ. ಎಲ್ಲರೂ ನೀರು ತುಂಬಿಕೊಳ್ಳಲು ನಿಂತಿದ್ದರೆ, ಅರವತ್ತಮೂರು ವರ್ಷದ ಲಕ್ಷ್ಮವ್ವ ಮಾತ್ರ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದು ಹಳೆಯ ಕೌದಿ ಇಟ್ಟುಕೊಂಡು ನಿಂತಿದ್ದಾರೆ. ಮೂಗು, ಬಾಯಿಗೆ ಒದ್ದೆ ಸೆರಗು ಸುತ್ತಿದ್ದಾರೆ. ಪಾಳಿ ಬಂದಾಗ ಟಬ್ಬನ್ನು ನಲ್ಲಿಯ ಕೆಳಗೆ ತಳ್ಳುತ್ತಾರೆ. ನೀರು ರಭಸವಾಗಿ ಬೀಳದಂತೆ ನಡುವೆ ಅಂಗೈ ಒಡ್ಡಿ, ಬಾಣಂತಿ ಮನೆಯಲ್ಲಿ ಕೂಸಿಗೆ ಎರೆಯುವ ಹಾಗೆ, ಒಂದೊಂದೇ ಮೂಲೆ ನೆನೆಸುತ್ತಾರೆ.

ಕೌದಿ ಎಂದರೆ ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರು ಪದರಾಗಿ ಜೋಡಿಸಿ ಕೈಯಲ್ಲೇ ಹೊಲಿದ ಹೊದಿಕೆ. ಅದನ್ನು ಕಲ್ಲಿನ ಮೇಲೆ ಬಡಿದು ಒಗೆಯುವುದನ್ನು ನಾನು ನೋಡಿದ್ದೇನೆ. ಇವರು ಬಡಿಯುವುದೇ ಇಲ್ಲ. ಒಗೆಯುವುದಿಲ್ಲವೇ ಎಂದು ಕೇಳಿದೆ.

“ಒಗ್ಯಾಂಗಿಲ್ರಿ. ಹಿಂಡಾಂಗಿಲ್ಲ, ಝಾಡಸಾಂಗಿಲ್ಲ. ನೆನಸೋದು, ಕಟ್ಟೋದು, ಅಷ್ಟ.”

ನೆನೆದ ಕೌದಿಯನ್ನು ಒಮ್ಮೆಯೂ ಕೊಡವದೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಬಾಯಿ ಮಡಚಿ ಟೇಪು ಸುತ್ತುತ್ತಾರೆ. ಅದರ ಮೇಲೆ ಇನ್ನೊಂದು ಚೀಲ, ಇನ್ನೊಂದು ಸುತ್ತು ಟೇಪು. ಮೂರು ಸಲ ನಿಂತು ಉಸಿರು ಎಳೆದುಕೊಳ್ಳುತ್ತಾರೆ. ಸಾಲಿನಲ್ಲಿದ್ದ ಒಬ್ಬ ಹುಡುಗಿ, ಅಜ್ಜಿಗೆ ತಲೆ ಸರಿಯಿಲ್ಲ ಎಂದು ಹಿಂದಿಯಲ್ಲಿ ನನಗೆ ತಿಳಿಸಿದಳು. ಅಜ್ಜಿಗೂ ಕೇಳಿಸುವಷ್ಟು ಜೋರಾಗಿಯೇ ತಿಳಿಸಿದಳು.

ನಿಜ ಹೇಳುತ್ತೇನೆ, ನಾನು ಈ ಅಜ್ಜಿಯನ್ನು ಹುಡುಕಿಕೊಂಡು ಬಂದವನಲ್ಲ. ಡಿಸೆಂಬರ್ ನಾಲ್ಕು ನೌಕಾದಿನ. ಭಾನುವಾರದ ಪುರವಣಿಗೆ ಹಡಗು, ವಿಮಾನ, ಸ್ವಲ್ಪ ದೇಶಭಕ್ತಿ ಇರುವ ‘ಎಲೆಮರೆಯ ಕಾಯಿ’ ಬೇಕು ಎಂದು ಸಂಪಾದಕರು ಹೇಳಿದ್ದರು. ಇಪ್ಪತ್ತೆರಡು ವರ್ಷದಿಂದ ಇಂಥ ಕಾಯಿಗಳನ್ನು ಕೀಳುತ್ತಾ ಬಂದ ನನಗೆ ಅದು ಎಡಗೈ ಕೆಲಸ. ಆಂಟಾಪ್ ಹಿಲ್ಲಿನ ರಮಾನಾಥರ ಮನೆಗೆ ಹೋದೆ. ಹಡಗು ದುರಸ್ತಿ ಮಾಡುವ ಒಂದು ಖಾಸಗಿ ಕಂಪನಿಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದು ನಿವೃತ್ತರಾದವರು ಅವರು. ಡಿಸ್ಟ್ರಾಯರ್ ಯುದ್ಧನೌಕೆಗಳ ಮತ್ತು ಯುದ್ಧಕಾಲದ ಪಹರೆ ವಿಮಾನಗಳ ಚರಿತ್ರೆಯನ್ನು ಕನ್ನಡದಲ್ಲಿ, ಸ್ವಂತ ಕೈಯಲ್ಲಿ, ಹನ್ನೊಂದು ನೋಟ್‌ಬುಕ್ಕುಗಳಲ್ಲಿ ಬರೆದಿದ್ದಾರೆ. ಇದಕ್ಕಿಂತ ಒಳ್ಳೆಯ ಕಾಯಿ ಎಲ್ಲಿ ಸಿಗಬೇಕು?

ಅವರ ನೋಟ್‌ಬುಕ್ಕುಗಳನ್ನು ಓದಿದರೆ ಹೊಟ್ಟೆಕಿಚ್ಚಾಗುತ್ತದೆ, ಅಷ್ಟು ಚೆನ್ನಾಗಿವೆ. ನೂರಮೂವತ್ತು ವರ್ಷದ ಹಿಂದೆ, ದೊಡ್ಡ ಹಡಗುಗಳ ಹೊಟ್ಟೆಗೆ ಟಾರ್ಪೆಡೊ ಹೊಡೆದು ಓಡಿಹೋಗುವ ಪುಟ್ಟ ದೋಣಿಗಳು ಹುಟ್ಟಿಕೊಂಡವಂತೆ. ಅವುಗಳನ್ನು ಅಟ್ಟಿಸಿಕೊಂಡು ಹೋಗಲು ಹುಟ್ಟಿದ್ದು ಡಿಸ್ಟ್ರಾಯರ್. ಎರಡನೇ ಮಹಾಯುದ್ಧದ ಹೊತ್ತಿಗೆ ಅದರ ಶತ್ರು ಬದಲಾಯಿತು. ನೀರಿನಡಿಯ ಸಬ್‌ಮರೀನನ್ನು ಹುಡುಕುವುದು, ಪೀಪಾಯಿಯಂಥ ಬಾಂಬುಗಳನ್ನು ನೀರಿಗೆ ಉರುಳಿಸುವುದು ಅದರ ಕೆಲಸವಾಯಿತು. ಮೇಲಿನಿಂದ ಕಣ್ಣಾಗಿದ್ದವು ಪಹರೆ ವಿಮಾನಗಳು. ಒಮ್ಮೆ ಏರಿದರೆ ಹದಿನೈದು ಗಂಟೆ ಬರೀ ನೀರು ನೋಡುತ್ತಾ ಹಾರುತ್ತಿದ್ದವು. ಯುದ್ಧ ಮುಗಿದು ನಮಗೆ ಸ್ವಾತಂತ್ರ್ಯ ಬಂದ ಮೇಲೆ ಬ್ರಿಟನ್ನಿನ ಅಂಥ ಕೆಲವು ಹಳೆಯ ಡಿಸ್ಟ್ರಾಯರುಗಳನ್ನು ನಾವು ಕೊಂಡೆವು. ಯಾವುದು ಎಷ್ಟು ವೇಗ, ಎಷ್ಟು ತೋಪು, ಯಾವ ಕಡಲು, ಎಲ್ಲವನ್ನೂ ರಮಾನಾಥರು ಹೇಳಬಲ್ಲರು.

ನಾನು ಪೆನ್ನು ತೆಗೆದೆ. ಅವರು ಬೇಡ ಎಂದು ಕೈಯಾಡಿಸಿದರು.

“ನನ್ನ ಬಗ್ಗೆ ಎಂಥ ಬರೆಯುವುದು ಮಾರಾಯ್ರೆ. ಪ್ರತಿ ಹಡಗಿನ ಚರಿತ್ರೆಯ ಕೊನೆಗೆ ನಾನು ಒಂದೇ ಶಬ್ದ ಬರೆದದ್ದು. ‘ಒಡೆಯಲಾಯಿತು.’ ಯಾರು ಒಡೆದದ್ದು ಅಂತ ಕೇಳ್ಳೇ ಇಲ್ಲ ನೋಡಿ. ಕೇಳಿದ ಮೇಲೆ ನನಗೆ ಒಂದು ಪುಟ ಮುಂದೆ ಹೋಗ್ಲಿಕ್ಕೆ ಆಗ್ಲಿಲ್ಲ. ನೀವು ದಾರೂಖಾನೆಗೆ ಹೋಗಿ.”

ಒಂದು ವರ್ಷದಿಂದ ಇವರು ಬರೆಯುವುದನ್ನೂ ಬಿಟ್ಟಿದ್ದಾರೆ, ಸರಿಯಾಗಿ ಉಣ್ಣುವುದನ್ನೂ ಬಿಟ್ಟಿದ್ದಾರೆ ಎಂದು ಅವರ ಹೆಂಡತಿ ಪ್ರಫುಲ್ಲಾ ಚಹಾ ಕೊಡುತ್ತಾ ದೂರಿದರು. ಗೊಣಗುತ್ತಲೇ ದಾರೂಖಾನೆಗೆ ಬಂದೆ. ಬಂದವನು ನಾಲ್ಕು ವಾರ ಬರುತ್ತಲೇ ಇದ್ದೆ.

ದಾರೂಖಾನೆ ಮುಂಬಯಿಯ ಪೂರ್ವದ ಕಡಲಂಚು. ಮುದಿ ಹಡಗುಗಳನ್ನು ಉಬ್ಬರದ ನೀರಿನಲ್ಲಿ ತಂದು ಕೆಸರಿಗೆ ಏರಿಸಿ, ತುಂಡು ತುಂಡಾಗಿ ಕತ್ತರಿಸಿ ಮಾರುವ ಜಾಗ. ಅಫಜಲಪುರ ತಾಲ್ಲೂಕಿನಿಂದ ಲಕ್ಷ್ಮವ್ವ ಇಲ್ಲಿಗೆ ಮದುವೆಯಾಗಿ ಬಂದಾಗ ಹದಿನೇಳು ವರ್ಷ. ಗಂಡ ಗುರುಪಾದ ಇಲ್ಲಿ ಗ್ಯಾಸ್ ಕಟರ್. ಬಂದ ಎಂಟನೇ ದಿನಕ್ಕೆ ಅವರೂ ಕೆಲಸಕ್ಕೆ ನಿಂತರು. ಅವರು ಏರಿದ ಮೊದಲ ಹಡಗು ಯುದ್ಧಕಾಲದ ಒಂದು ಡಿಸ್ಟ್ರಾಯರ್. ಅದರ ಹೆಸರು ಅವರಿಗೆ ಗೊತ್ತಿರಲಿಲ್ಲ, ಕೂಲಿಗಳೆಲ್ಲ ‘ಜಂಗಿ’ ಎನ್ನುತ್ತಿದ್ದರು. ಹದಿನೆಂಟು ವರ್ಷದಲ್ಲಿ ಏಳು ಜಂಗಿ ಹಡಗು, ಹಳೆಯ ಎರಡು ಪಹರೆ ವಿಮಾನಗಳ ಅವಶೇಷ ಅವರ ಕೈದಾಟಿವೆ.

ಗಂಡಸರು ಉಕ್ಕು ಕತ್ತರಿಸುವ ಮೊದಲು ಹೆಂಗಸರು ಒಳಗಿಳಿಯಬೇಕು. ಆ ಕಾಲದ ಡಿಸ್ಟ್ರಾಯರ್ ಓಡುತ್ತಿದ್ದುದು ಹಬೆಯಿಂದ. ಬಾಯ್ಲರಿನಿಂದ ಎಂಜಿನ್ನಿಗೆ ಕುದಿಯುವ ಹಬೆ ಒಯ್ಯುವ ಕೊಳವೆಗಳಿಗೆ ಬಿಳಿಯ ಗಿಲಾವು ಮೆತ್ತಿ, ಮೇಲೆ ದಪ್ಪ ಬಿಳಿ ಬಟ್ಟೆ ಸುತ್ತಿರುತ್ತಿದ್ದರು. ವಿಮಾನದಲ್ಲಾದರೆ ಎಂಜಿನ್ನಿನ ಹೊಗೆಕೊಳವೆಯ ಸುತ್ತ. ಆ ಬಟ್ಟೆ ಇರುವವರೆಗೆ ಗ್ಯಾಸಿನ ಜ್ವಾಲೆ ಕೊಳವೆಗೆ ತಾಗದು. ಸಣ್ಣ ಮೈಯ ಹೆಂಗಸರು ಕೊಳವೆಗಳ ಸಂದಿಯಲ್ಲಿ ತೆವಳಿ, ಕುಡುಗೋಲಿನಿಂದ ಸೀಳಿ ಅದನ್ನು ಸುಲಿಯಬೇಕು. ದಿನಕ್ಕೆ ಮೂವತ್ತು, ನಲವತ್ತು ಅಡಿ ಸುಲಿದರೆ ಒಳ್ಳೆಯ ಕೆಲಸಗಾತಿ. ಲಕ್ಷ್ಮವ್ವ ಐವತ್ತು ಸುಲಿಯುತ್ತಿದ್ದರು. ಹೊರಗೆ ಬಂದಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಹಿಟ್ಟಿನ ಗಿರಣಿಯವರ ಹಾಗೆ ಕಾಣುತ್ತಿದ್ದೆವು ಎಂದು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರಂತೆ.

ಆ ಬಟ್ಟೆಗೆ ಅವರು ಇಟ್ಟ ಹೆಸರು ‘ಜಹಾಜಿನ ಹತ್ತಿ’. ಒಂದು ದಿನ ಕೂಲಿಗಳ ಮೇಲ್ವಿಚಾರಕ ಮುಕಾದಮ ತಮಾಷೆಗೆ ಬೆಂಕಿಕಡ್ಡಿ ಗೀರಿ ಅದಕ್ಕೆ ಹಿಡಿದ. ಕಡ್ಡಿ ಉರಿದು ಅವನ ಬೆರಳು ಸುಟ್ಟಿತು, ಬಟ್ಟೆಗೆ ಏನೂ ಆಗಲಿಲ್ಲ. ಹೆಂಗಸರೆಲ್ಲ ನಕ್ಕರು. ಲಕ್ಷ್ಮವ್ವ ನಗಲಿಲ್ಲ. ಅದರ ಹಿಂದಿನ ವಾರವಷ್ಟೇ ಪಕ್ಕದ ಗುಡಿಸಲಿನಲ್ಲಿ ಸ್ಟೋವ್ ಸಿಡಿದು ಒಂದು ಕೂಸು ಸತ್ತಿತ್ತು. ಹೊದಿಸಿದ್ದ ಕೌದಿಗೇ ಬೆಂಕಿ ಹತ್ತಿತ್ತು.

“ಹತ್ತಲಾರದ ಅರಿವಿ ದೇವ್ರು ಇಲ್ಲಿ ಇಟ್ಟಾನ, ನಾವು ಅದನ್ನ ಕಡಲಿಗಿ ಚೆಲ್ಲಾಕತ್ತೀವಿ ಅನಿಸ್ತ್ರಿ ನನಗ,” ಎನ್ನುತ್ತಾರೆ. “ಭಾಳ ಖುಷಿ ಆತು.”

ಅಂದು ಸಂಜೆ ಸೆರಗಿನಲ್ಲಿ ನಾಲ್ಕು ಮೊಳ ಕಟ್ಟಿಕೊಂಡು ಬಂದರು. ಕೊಡವಿ, ಬಡಿದು, ಮೆತ್ತಗೆ ಮಾಡಿ, ಹಳೆಯ ಸೀರೆಗಳ ನಡುವಿನ ಪದರಾಗಿ ಇಟ್ಟು ಹೊಲಿದರು. ಮೊದಲ ಕೌದಿ ಪಕ್ಕದ ಮನೆಯ ಚಂದ್ರವ್ವನ ಮಗ ಸಾಯಬಣ್ಣನಿಗೆ. ಎರಡು ವರ್ಷದ ಮೇಲೆ ಬಸ್ತಿಗೆ ಬೆಂಕಿ ಬಿದ್ದು ನಲವತ್ತು ಗುಡಿಸಲು ಸುಟ್ಟವು. ಚಂದ್ರವ್ವ ಮಗನನ್ನು ಆ ಕೌದಿಯಲ್ಲಿ ಸುತ್ತಿ ಹೊರಗೆ ಓಡಿಬಂದಳು. ಆಕೆಯ ಕೈ ಸುಟ್ಟಿತು, ಮಗನಿಗೆ ಬೊಕ್ಕೆಯೂ ಏಳಲಿಲ್ಲ.

ಆಮೇಲೆ ಕೇಳಬೇಕೇ? ಬಸುರಿಯರ ಮನೆಯವರೆಲ್ಲ ಲಕ್ಷ್ಮವ್ವನ ಬಾಗಿಲಿಗೆ. ಹತ್ತು ವರ್ಷದಲ್ಲಿ ಇಪ್ಪತ್ಮೂರು ಕೌದಿ ಹೊಲಿದರು. ಒಬ್ಬರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಕೌದಿ ಹಸಿದಿರಬಾರದು ಎಂದು ಅವರ ಕಡೆ ಒಂದು ನಂಬಿಕೆ. ಕೊನೆಯ ಹೊಲಿಗೆಗೆ ಮೊದಲು ಅದರ ಹೊಟ್ಟೆಗೆ ಒಂದು ಚೂರು ರೊಟ್ಟಿ ಇಟ್ಟು ಮುಚ್ಚುತ್ತಾರೆ. ಆ ರೊಟ್ಟಿಯನ್ನೂ ಲಕ್ಷ್ಮವ್ವನೇ ತಟ್ಟುತ್ತಿದ್ದರು. ಎಲ್ಲಕ್ಕಿಂತ ಚಂದದ, ಎಲ್ಲಕ್ಕಿಂತ ದಪ್ಪನೆಯ ಕೌದಿ ಹೊಲಿದದ್ದು ತಮ್ಮ ಒಬ್ಬಳೇ ಮಗಳು ಶೀತಲ್ ಹುಟ್ಟಿದಾಗ.

ಕಳೆದ ವರ್ಷ ದೀಪಾವಳಿ ಮುಗಿದ ವಾರ, ರಮಾನಾಥರು ಹಳೆಯ ಡಿಸ್ಟ್ರಾಯರ್ ಒಡೆದವರನ್ನು ಹುಡುಕುತ್ತಾ ಈ ಬಸ್ತಿಗೆ ಬಂದರು. ಚಹಾದಂಗಡಿಯವನು ಲಕ್ಷ್ಮವ್ವನ ಮನೆ ತೋರಿಸಿದ. ರಮಾನಾಥರು ಬಾಯ್ಲರ್ ಕೋಣೆಯ ನಕ್ಷೆ ಬಿಡಿಸಿ ನೆಲದ ಮೇಲೆ ಹರಡಿದರು. ಅಕ್ಷರ ಬಾರದ ಲಕ್ಷ್ಮವ್ವ ಐದೇ ನಿಮಿಷದಲ್ಲಿ ನಕ್ಷೆಯ ಮೇಲೆ ಬೆರಳಿಟ್ಟು, ಇಲ್ಲಿ ಕೊಳವೆ ಮೊಣಕೈಯಂತೆ ಬಾಗುತ್ತದೆ, ಇಲ್ಲಿ ತಲೆ ತೂರುವುದಿಲ್ಲ, ಇಲ್ಲಿ ನನ್ನ ಬಳೆ ಒಡೆದಿತ್ತು ಎಂದು ಹೇಳತೊಡಗಿದರು. ರಮಾನಾಥರಿಗೆ ಆಕಾಶ ಮೂರೇ ಗೇಣು. ಕೊಳವೆಯ ಉದ್ದಕ್ಕೂ ಏನೋ ಬರೆದಿದೆಯಲ್ಲ, ಏನದು ಎಂದು ಆಕೆ ಕೇಳಿದರು. ಅವರು ಓದಿದರು. ಓದಿ, ಮೇಷ್ಟರಂತೆ ಬಿಡಿಸಿ ಹೇಳಿದರು. ಅದು ಆಸ್ಬೆಸ್ಟಾಸ್, ಕಲ್ಲಿನ ನಾರು, ಆ ಕಾಲದಲ್ಲಿ ಜಗತ್ತಿನ ಎಲ್ಲ ಹಡಗುಗಳಲ್ಲೂ ಇತ್ತು. ಬೆಂಕಿಗೆ ಜಗ್ಗುವುದಿಲ್ಲ. ಆದರೆ ಕಣ್ಣಿಗೆ ಕಾಣದ ಅದರ ಎಳೆಗಳು ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ಕೂತುಬಿಡುತ್ತವೆ, ಇಪ್ಪತ್ತು, ಮೂವತ್ತು, ನಲವತ್ತು ವರ್ಷದ ಮೇಲೂ ಕೊಲ್ಲುತ್ತವೆ, ಎಷ್ಟೋ ದೇಶಗಳು ಅದನ್ನು ನಿಷೇಧಿಸಿವೆ.

ಲಕ್ಷ್ಮವ್ವ ಒಂದೇ ಪ್ರಶ್ನೆ ಕೇಳಿದರಂತೆ.

“ಕೂಸುಗೋಳಿಗಿ ಹೊದಿಸಿದ್ರ?”

ಕೂಡಲೇ ಎದ್ದು ಬಂದೆ, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲೂ ನೆನಪಾಗಲಿಲ್ಲ ಎಂದು ರಮಾನಾಥರು ನನಗೆ ಹೇಳಿದರು. ಮೂರು ದಿನದ ಮೇಲೆ ಅವರೇ ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಗಟ್ಟಿಯಾಗಿದ್ದವು. ಗುರುಪಾದ ಐವತ್ತಕ್ಕೇ ಕೆಮ್ಮಿ ಕೆಮ್ಮಿ ಸತ್ತಾಗ ಕಾಗದದಲ್ಲಿ ಕ್ಷಯ ಎಂದು ಬರೆದಿದ್ದರು. ಅದು ಕ್ಷಯವೋ ಇದೋ ಈಗ ಹೇಳುವವರು ಯಾರು? ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ಲಕ್ಷ್ಮವ್ವ ತಮ್ಮ ಎದೆಯ ಬಗ್ಗೆ ಹೆಚ್ಚು ಕೇಳಲಿಲ್ಲ. ಕೌದಿಗಳನ್ನು ಏನು ಮಾಡಬೇಕು ಎಂದು ಕೇಳಿದರು. ನೆನೆಸಿ, ಎರಡು ಚೀಲದಲ್ಲಿ ಕಟ್ಟಿ, ಬಿಚ್ಚಬೇಡಿ, ಕತ್ತರಿಸಬೇಡಿ ಎಂದು ಡಾಕ್ಟರು ಹೇಳಿದ ಮಾತೇ ಈ ಒಂದು ವರ್ಷದಿಂದ ಅವರ ಬೆಳಗಿನ ಕೆಲಸ. ಎಂಟು ಗಂಟೆಗೆ ಗುಜರಿ ಗಲ್ಲಿಯಲ್ಲಿ ವೈರು ಬೇರ್ಪಡಿಸುವ ಕೂಲಿ. ಸಂಜೆ ಮತ್ತೆ ಯಾರದಾದರೂ ಮನೆ ಹುಡುಕಿಕೊಂಡು ಹೊರಡುವುದು.

ಇಪ್ಪತ್ಮೂರರಲ್ಲಿ ಹದಿನೇಳು ಮಾತ್ರ ಹೊಲಿದಂತೆಯೇ ಉಳಿದಿದ್ದವು. ಅವುಗಳಲ್ಲಿ ಮೂರು, ಹೊದ್ದವರ ಜೊತೆಗೇ ಮಣ್ಣಿಗೆ ಹೋಗಿವೆ. ಅವು ಒಳ್ಳೇ ಜಾಗಕ್ಕೆ ಹೋದವು ಎನ್ನುತ್ತಾರೆ ಲಕ್ಷ್ಮವ್ವ. ಹದಿನಾಲ್ಕನ್ನು ಮರಳಿ ತಂದಿದ್ದಾರೆ. ಉಳಿದ ಆರರ ಕಥೆ ಬೇರೆ. ಉತ್ತರ ಕರ್ನಾಟಕದವರು ಕೌದಿಯನ್ನು ಎಸೆಯುವುದಿಲ್ಲ. ಹರಿದ ಕೌದಿಯನ್ನು ಕತ್ತರಿಸಿ ಹೊಸ ಕೌದಿಯ ಹೊಟ್ಟೆಗೆ ಹಾಕುತ್ತಾರೆ. ಅಜ್ಜಿಯ ಕೌದಿ ಮಗಳ ಕೌದಿಯೊಳಗೆ, ಮಗಳದ್ದು ಮೊಮ್ಮಗಳದ್ದರೊಳಗೆ. ಎಂಥ ಚಂದದ ಪದ್ಧತಿ ಎಂದು ನಾನೇ ಒಮ್ಮೆ ಇದೇ ಪುರವಣಿಯಲ್ಲಿ ಅರ್ಧ ಪುಟ ಬರೆದಿದ್ದೆ, ನನ್ನ ತಲೆಗಿಷ್ಟು! ಆರರಲ್ಲಿ ಐದು ಹೀಗೆ ಒಡೆದು ಹನ್ನೊಂದಾಗಿವೆ, ಒಂದೂ ಇನ್ನೂ ಕೈಗೆ ಬಂದಿಲ್ಲ. ಅವುಗಳಲ್ಲಿ ಮೂರು ಸೊಲ್ಲಾಪುರಕ್ಕೆ ಹೋಗಿವೆ, ಎರಡು ಎಲ್ಲಿವೆಯೋ ಗೊತ್ತಿಲ್ಲ. ಹೊರಗಿನಿಂದ ನೋಡಿದರೆ ಒಳಗಿರುವುದು ಕಾಣುವುದಿಲ್ಲ.

ಸಾಯಬಣ್ಣನನ್ನೂ ಕಂಡೆ. ಈಗ ನಲವತ್ತೊಂದು ವರ್ಷ, ಅದೇ ರಸ್ತೆಯಲ್ಲಿ ಲಾರಿಗೆ ಮಾಲು ತುಂಬುತ್ತಾನೆ. ಅವನ ಕೌದಿಯ ಅರ್ಧ ಊರಲ್ಲಿ ತಮ್ಮನ ಮಕ್ಕಳ ಹಾಸಿಗೆಯಲ್ಲಿದೆ, ಅರ್ಧ ಇವನ ಮನೆಯಲ್ಲಿ ದೇವರ ಜಗಲಿಯ ಕೆಳಗಿದೆ. ಲಕ್ಷ್ಮವ್ವ ಐದು ಸಲ ಕೇಳಿದರೂ ಕೊಟ್ಟಿಲ್ಲ. ಬೆಂಕಿಯಿಂದ ತನ್ನನ್ನು ಉಳಿಸಿದ್ದು ತನ್ನನ್ನು ಕೊಲ್ಲುತ್ತದೆ ಎಂದರೆ ಹೇಗೆ ನಂಬಲಿ ಎಂದು ಅವನು ನನ್ನನ್ನೇ ಕೇಳಿದ. ಕೆಮ್ಮುತ್ತಲೇ ಕೇಳಿದ. ಬೀಡಿಯ ಕೆಮ್ಮು ಇದ್ದರೂ ಇರಬಹುದು.

ಮರಳಿ ಬಂದ ಹದಿನಾಲ್ಕು ಎಲ್ಲಿವೆ ಗೊತ್ತೇ? ಲಕ್ಷ್ಮವ್ವನ ಹತ್ತಡಿ ಕೋಣೆಯಲ್ಲಿ, ಅವರ ಮಂಚದ ಕೆಳಗೆ. ಕಸದ ಗಾಡಿಗೆ ಹಾಕಿದರೆ ಚಿಂದಿ ಆಯುವವರು ಬಿಚ್ಚಿಯಾರು ಎಂಬ ಭಯ. ಒಂದು ಕಚೇರಿಗೆ ನಾನೂ ಜೊತೆಗೆ ಹೋದೆ. ಕಿಟಕಿಯ ಹಿಂದಿದ್ದವರು, ಇದು ಹಸಿ ಕಸವೋ ಒಣ ಕಸವೋ ಎಂದು ಕೇಳಿದರು. ಅಪಾಯದ ಕಸ ಎಂದೆ. ಹಾಗಿದ್ದರೆ ಅದು ಕಾರ್ಖಾನೆಯವರದು, ಕಾರ್ಖಾನೆಯವರು ಅರ್ಜಿ ಕೊಡಬೇಕು ಎಂದರು. ಇನ್ನೊಂದು ಕಚೇರಿಯಲ್ಲಿ ನನ್ನ ಪತ್ರಕರ್ತನ ಕಾರ್ಡು ತೋರಿಸಿ ಕೂಗಾಡಿದೆ. ಕುಡಿಯಲು ನೀರು ಕೊಟ್ಟರು. ಆ ಹಡಗುಗಳನ್ನು ಒಡೆಸಿದ ಪ್ಲಾಟಿನ ಮಾಲೀಕ ತೀರಿಕೊಂಡು ಹದಿನಾರು ವರ್ಷ. ಹೆಂಗಸರ ಹೆಸರು ಅಲ್ಲಿ ಯಾವ ಹಾಜರಿಯಲ್ಲೂ ಇರಲಿಲ್ಲ. ಹೀಗಾಗಿ ಒಬ್ಬ ಕಾಯಿಲೆಯ ಮುದುಕಿ ಹದಿನಾಲ್ಕು ಗಂಟು ವಿಷದ ಮೇಲೆ ಮಲಗುತ್ತಾರೆ.  

ಇನ್ನು ಉಳಿದದ್ದು ಒಂದು. ಶೀತಲ್‌ಳದ್ದು.

ಶೀತಲ್ ಮುಲುಂಡಿನಲ್ಲಿದ್ದಾಳೆ. ಗಂಡ ಸುಹಾಸ ಒಂದು ಕೊರಿಯರ್ ಕಂಪನಿಯ ಸೂಪರ್‌ವೈಸರ್. ಅವಳಿಗೆ ನಾಲ್ಕು ವರ್ಷದ ಮಗಳು. ಎಲ್ಲರ ಮನೆಗೂ ಹೋದವರು ಸ್ವಂತ ಮಗಳ ಮನೆಗೆ ಏಕೆ ಹೋಗಲಿಲ್ಲ ಎಂದು ನಾನು ಗದರಿಸಿಯೇ ಕೇಳಿದೆ. ಲಕ್ಷ್ಮವ್ವ ಹೇಳಿದ ಕಾರಣ ಇದು. ಕೊಟ್ಟ ಮಗಳ ಮನೆಯಿಂದ ತವರಿನವರು ಏನನ್ನೂ ಮರಳಿ ತರಬಾರದು. ಅದರಲ್ಲೂ ತೊಟ್ಟಿಲ ಕೌದಿಯನ್ನು ಕೇಳಿದರೆ, ಆ ಮನೆಯ ತೊಟ್ಟಿಲು ಖಾಲಿಯಾಗಲಿ ಎಂದು ಹರಸಿದಂತೆ. ಬೀಗರು ಏನಂದಾರು, ಮಗಳು ಏನೆಂದುಕೊಂಡಾಳು. ಮೊದಲು ಉಳಿದವರದ್ದನ್ನೆಲ್ಲ ತಂದು ಮುಗಿಸಿ, ಕೊನೆಗೆ ಒಂದು ಒಳ್ಳೆಯ ದಿನ ನೋಡಿ, ಬದಲಿಗೆ ಹೊಸ ಕೌದಿ ಹೊಲಿದು ತೆಗೆದುಕೊಂಡು ಹೋಗೋಣ ಎಂದುಕೊಂಡಿದ್ದರು. ಹಳೆಯದು ಮಗಳ ಪೆಟ್ಟಿಗೆಯಲ್ಲಿ ಮಡಚಿ ಭದ್ರವಾಗಿದೆ, ಯಾರೂ ಕತ್ತರಿ ಹಚ್ಚಿಲ್ಲ ಎಂಬ ಧೈರ್ಯ ಬೇರೆ. ಒಂದು ವರ್ಷ ಹೀಗೇ ಹೋಯಿತು.

ಹೋದ ಭಾನುವಾರ ಹೊರಟೆವು. ಹೊಸ ಕೌದಿಯ ಗಂಟನ್ನು ಲಕ್ಷ್ಮವ್ವ ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಶುದ್ಧ ಹತ್ತಿಯದು. ಕುರ್ಲಾದಲ್ಲಿ ಗಾಡಿ ಬದಲಿಸಲು ಮೇಲ್ಸೇತುವೆಯ ಮೆಟ್ಟಿಲಲ್ಲಿ ನಾಲ್ಕು ಸಲ ಕೂತರು. ಮಗಳಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ನನ್ನನ್ನು ಕೇಳಿದರು. 

ಮೂರನೇ ಮಹಡಿ. ಅಚ್ಚುಕಟ್ಟಾದ ಮನೆ. ಶೀತಲ್ ತಾಯಿಯನ್ನು ಕೂರಿಸಿ ನೀರು ಕೊಟ್ಟು, ಪೇಪರಿನವರು ಬಂದಿದ್ದಾರೆಂದು ಖುಷಿಯಾಗಿ ನನಗೆ ತಿಂಡಿ ತಂದಳು. ಹೊಸ ಕೌದಿ ನೋಡಿ ನಕ್ಕಳು. ಲಕ್ಷ್ಮವ್ವ ಹಳೆಯದನ್ನು ಒಮ್ಮೆ ತೋರಿಸು ಎಂದರು. ಅವಳು ಒಳಗೆ ಹೋಗಿ ತಂದದ್ದು ಟವೆಲ್ಲಿನಷ್ಟೇ ಇದ್ದ ಒಂದು ಪುಟ್ಟ ಹೊದಿಕೆ. ಅಂಚಿಗೆ ಹೊಸ ಲೇಸು ಹೊಲಿದಿತ್ತು.

“ಅವ್ವಾ, ಅದು ಮಷೀನ್‌ದಾಗ ಫಿಟ್ಟೇ ಆಗ್ತಿರಲಿಲ್ಲ. ಬಹುತ್ ಹೆವಿ ಇತ್ತು. ಅದಕ್ಕ ಹೋಳಿ ಆದ ಮೇಲೆ ನಾನೇ ಕಟ್ ಮಾಡಿ ಚಾರ್ ಪೀಸ್ ಮಾಡಿದೆ. ನೀ ಎಲ್ಲರಿಗೂ ಕೊಡ್ತಿದ್ದಿಯಲ್ಲ, ನಾನೂ ಕೊಟ್ಟೆ.”

ಒಂದು ತನ್ನ ಮಗಳಿಗೆ, ಒಂದು ನಾಲ್ಕನೇ ಮಹಡಿಯ ಜ್ಯೋತ್ಸ್ನಾಳ ಕೂಸಿಗೆ, ಎರಡು ನಾದಿನಿಯ ಅವಳಿ ಮಕ್ಕಳಿಗೆ. ಎಲ್ಲರೂ ಎಷ್ಟು ಹೊಗಳಿದರು ಎಂದು ಅವಳು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಹೇಳುತ್ತಲೇ ಇದ್ದಳು. ತಾಯಿಯ ಮುಖ ನೋಡಿ ನಿಧಾನವಾಗಿ ನಿಲ್ಲಿಸಿದಳು.

ಲಕ್ಷ್ಮವ್ವ ಹೇಳಿದರು. ಜಹಾಜು, ಹತ್ತಿ, ನಕ್ಷೆ, ಎಕ್ಸ್‌ರೇ, ಎಲ್ಲ. ತಲೆಯೆತ್ತದೆ ಹೇಳಿದರು. ಶೀತಲ್ ಕೊನೆಗೆ ಕೇಳಿದ್ದು, ನಿನಗೆ ಯಾವಾಗ ಗೊತ್ತಾಯಿತು ಎಂದು. ಹೋದ ವರ್ಷದ ದೀಪಾವಳಿಗೆ ಎಂದರು ತಾಯಿ. ಶೀತಲ್ ಬೆರಳು ಮಡಚಿ ಲೆಕ್ಕ ಹಾಕಿದಳು. ದೀಪಾವಳಿಯಿಂದ ಹೋಳಿಗೆ ನಾಲ್ಕು ತಿಂಗಳು.

“ಇಲ್ಲೇ ಕೂತು ಕತ್ತರಿಸಿದೆ ಅವ್ವಾ, ಈ ಹಾಲ್‌ದಾಗ. ಸಫೇದ್ ಧೂಳು ಬಂತು. ಬಾಜೂಕ ಮಗಳು ಆಟ ಆಡ್ತಿದ್ಲು. ಫ್ಯಾನ್ ಚಾಲೂ ಇತ್ತು.”

 ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಎದ್ದು ನಾಲ್ಕನೇ ಮಹಡಿಗೆ ಓಡಿದಳು. ಬರಿಗೈಯಲ್ಲಿ ಬಂದಳು. ಜ್ಯೋತ್ಸ್ನಾ ಕೂಸನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ, ಉಡುಪಿಗೆ. ಕೂಸಿಗೆ ಅದಿಲ್ಲದೆ ನಿದ್ದೆ ಬಾರದೆಂದು ಜೊತೆಗೇ ಒಯ್ದಿದ್ದಾಳೆ. ನಾದಿನಿಗೆ ಫೋನು ಮಾಡಿದರೆ, ಕೊಟ್ಟ ಉಡುಗೊರೆಯನ್ನು ಯಾರಾದರೂ ಮರಳಿ ಕೇಳುತ್ತಾರೆಯೇ ಎಂದು ಆಕೆ ಫೋನಿಟ್ಟಳು.

ಬಚ್ಚಲಿನಲ್ಲಿ ಆ ಪುಟ್ಟ ಹೊದಿಕೆಯನ್ನು ನೆನೆಸಿ, ಎರಡು ಚೀಲದಲ್ಲಿ ಕಟ್ಟಿದ್ದು ಲಕ್ಷ್ಮವ್ವನೇ. ಮೊಮ್ಮಗಳು ಬಾಗಿಲಲ್ಲಿ ನಿಂತು ತನ್ನದನ್ನು ಎಲ್ಲಿ ಒಯ್ಯುತ್ತೀರಿ ಎಂದು ಹಿಂದಿಯಲ್ಲಿ ಕೇಳಿ ಅತ್ತಳು. ಮಗಳು ತಾಯಿಯನ್ನು ಕಳಿಸಲು ಲಿಫ್ಟಿನವರೆಗೂ ಬರಲಿಲ್ಲ.

ಮುಲುಂಡ್ ಸ್ಟೇಷನ್ನಿನ ಬೆಂಚಿನ ಮೇಲೆ ಎರಡು ಗಾಡಿ ಬಿಟ್ಟೆವು. ನಾನು ಏನೇನೋ ಸಮಾಧಾನ ಹೇಳಿದೆ. ಎಲ್ಲರಿಗೂ ಹೀಗೆ ಆಗಿಯೇ ಆಗುತ್ತದೆಂದೇನಿಲ್ಲ, ಗೊತ್ತಿಲ್ಲದೆ ಮಾಡಿದ್ದಕ್ಕೆ ಪಾಪವಿಲ್ಲ, ಒಂದು ಜೀವವನ್ನಂತೂ ಉಳಿಸಿದ್ದೀರಿ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು.

“ಮನಿಗಿ ಮಾರಿ, ಊರಿಗಿ ಉಪಕಾರಿ ಅಂತಾರಲ್ರಿ,” ಎಂದರು ಲಕ್ಷ್ಮವ್ವ. “ನಾ ಎರಡಕ್ಕೂ ಮಾರಿ ಆದೆ.”

 ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ನಮ್ಮಲ್ಲಿದೆ. ಈ ಹೆಂಗಸು ಮಾಡಿದ್ದು ಏನು? ಯಾವುದೋ ದೇಶದಲ್ಲಿ, ಯಾವುದೋ ಯುದ್ಧಕ್ಕೆ ಯಾರೋ ಸುತ್ತಿದ ಬಟ್ಟೆ. ಕಟ್ಟಿದವರಿಗೆ, ಓಡಿಸಿದವರಿಗೆ ಸಂದ ಗೌರವವನ್ನು ನಾನು ಪ್ರತಿ ಡಿಸೆಂಬರಿನಲ್ಲೂ ಬರೆದಿದ್ದೇನೆ. ಸುಲಿದವಳಿಗೆ ಅದು ಏನೆಂದು ಹೇಳಲು ನಲವತ್ತೈದು ವರ್ಷ ಒಬ್ಬ ನರಪಿಳ್ಳೆಯೂ ಬರಲಿಲ್ಲ. ಬಂದವರೂ ಬಂದದ್ದು ಚರಿತ್ರೆ ಬರೆಯಲು.

ಮರುದಿನ ನಮ್ಮ ಫೋಟೋಗ್ರಾಫರ್ ಬಸ್ತಿಗೆ ಬಂದ. ಇಂಥ ಲೇಖನಕ್ಕೆ ಯಾವ ಚಿತ್ರ ಬೇಕೆಂದು ಅವನಿಗೆ ಕಂಠಪಾಠ. ಸುಕ್ಕುಗಟ್ಟಿದ ಮುಖ, ಹಿಂದೆ ಹಡಗು, ತುಟಿಯಲ್ಲಿ ಸಣ್ಣ ನಗು. ಲಕ್ಷ್ಮವ್ವ ಕೈ ಅಡ್ಡ ಹಿಡಿದರು. ಮಂಚದ ಕೆಳಗಿನಿಂದ ಒಂದು ಗಂಟು ಎಳೆದು, ಪ್ಲಾಸ್ಟಿಕ್ಕಿನ ಹೊರಗಿನಿಂದಲೇ ಒರೆಸಿ, ಬೆಳಕಿಗೆ ಹಿಡಿದರು. ಈ ಲೇಖನ ನಿಮ್ಮ ಬಗ್ಗೆಯೇ ಅಲ್ಲವೇ, ನಿಮ್ಮ ಚಿತ್ರ ಬೇಡವೇ ಎಂದೆ. ಬೇಡ ಎಂದರು. ಕೌದಿ ಹೊದ್ದ ಮಕ್ಕಳಲ್ಲಿ ಎಷ್ಟು ಜನ ಕನ್ನಡ ಓದುತ್ತಾರೆ ಎಂದು ಅವರೇ ನನ್ನನ್ನು ಕೇಳಿದರು. 

“ನನ್ನ ಫೋಟೋ ತಗೊಂಡು ಯಾರಿಗೇನಾಗಬೇಕಾಗ್ಯದ್ರಿ. ಇದರದ್ದು ಹಾಕ್ರಿ, ಬಣ್ಣದಾಗ ಹಾಕ್ರಿ. ಮೂರು ಮೂಲಿಗಿ ಕೆಂಪು, ಒಂದು ಮೂಲಿಗಿ ಹಸರು, ಅದು ನನ್ನ ಹೊಲಿಗಿ. ಓದಾಕ ಬರಲಾರದವರೂ ಗುರುತು ಹಿಡೀತಾರ. ಹಿಡದವರು ಕತ್ತರಿ ಹಚ್ಚಬ್ಯಾಡ್ರಿ, ಝಾಡಸಬ್ಯಾಡ್ರಿ, ಮಡಚಿ ಇಟ್ಟು ನನಗೊಂದು ಮಾತು ಹೇಳಿ ಕಳಸ್ರಿ. ನಾ ಬರ್ತೀನಿ. ಎಷ್ಟ ದೂರ ಇದ್ರೂ ಬರ್ತೀನಿ.”